ಗೈಡಿಗೆ ಹೇಳದೆ ಉಳಿದ ಮಾತು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿ, ದೊಡ್ಡ ನಗರಗಳಿಗೆ ಸಂಶೋಧನೆಗೆ ಹೋದ ಮಕ್ಕಳು ಅರ್ಧದಲ್ಲಿ ಊರಿಗೆ ಬಂದು ಕೂರುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. "ಬಿ.ಎಡ್. ಮಾಡಿಸುವುದೇ ಒಳ್ಳೆಯದೇನೋ" ಎನ್ನುತ್ತಾ ಹೆತ್ತವರು ಸಲಹೆಗಾಗಿ ನನ್ನ ಬಳಿಗೆ ಕರೆತರುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿ ಮಂಜೇಶ್ವರ ತಾಲೂಕಿನವಳು. ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಭೂಗೋಳಶಾಸ್ತ್ರದ ಪಿಎಚ್.ಡಿ., ಮೂರನೆಯ ವರ್ಷ. ನಮ್ಮ ಗುಡ್ಡಗಳ ಮುರಕಲ್ಲಿನಲ್ಲಿ ಅಡ್ಡಲಾಗಿ ಕೊರೆದ ನೀರಿನ ಸುರಂಗಗಳೇ ವಿಷಯ. ರಜೆಗೆ ಬಂದವಳು ವಾಪಸು ಹೋಗಲಿಲ್ಲ. ಗೈಡ್ ಫೋನ್ ಮಾಡಿದರೆ ಎತ್ತುವುದಿಲ್ಲ, ರಾತ್ರಿ ನಿದ್ರೆಯಿಲ್ಲ.

ಮೊದಲ ಭೇಟಿಯಲ್ಲಿ "ನನ್ನಿಂದ ಆಗುವುದಿಲ್ಲ ಮೇಡಂ" ಎಂಬುದರಾಚೆ ಮಾತಿಲ್ಲ. ಎರಡನೆಯ ಸಲ ಮನಸ್ಸಿನ ವಿಷಯ ಬಿಟ್ಟು ಕೆಲಸದ ಬಗ್ಗೆಯೇ ಕೇಳಿದೆ. ಆಗ ಬಾಯಿ ಬಿಟ್ಟಳು. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಅತಿ ಚಿಕ್ಕ ಚೌಕವೆಂದರೂ ನೆಲದ ಮೇಲೆ 10 ಮೀಟರ್. ಲ್ಯಾಂಡ್‌ಸ್ಯಾಟ್‌ ಉಪಗ್ರಹದ್ದು ಸಾಮಾನ್ಯವಾಗಿ 30 ಮೀಟರ್. ಸುರಂಗದ ಬಾಯಿಯೋ, ಒಬ್ಬ ಮನುಷ್ಯ ನುಸುಳುವಷ್ಟು, ಅದೂ ಅಡಿಕೆ ತೋಟದ ನೆರಳಿನೊಳಗೆ. ಅದನ್ನು ಆ ಚಿತ್ರಗಳಲ್ಲಿ ಹುಡುಕುತ್ತಾ ವರ್ಷ ಕಳೆದಿದ್ದಳು.

"ಕಾಣುವುದಿಲ್ಲ ಅಂತ ನಿನಗೆ ಗೊತ್ತಾದದ್ದು ಯಾವಾಗ?"

"ಮೊದಲೇ ಗೊತ್ತಿತ್ತು ಮೇಡಂ. ಸರ್ ಹತ್ರ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಕಂಪ್ಯೂಟರಿನಲ್ಲೇ ಮಾಡುವುದು. ನಾನು ಟೇಪು ಹಿಡ್ಕೊಂಡು ತೋಟ ತೋಟ ತಿರುಗ್ತೇನೆ ಅಂದ್ರೆ, ಇವಳಿಗೆ ಎಂತದೂ ಬರುವುದಿಲ್ಲ ಅಂತ ಆಗ್ತದಲ್ಲ?"

ಇಲ್ಲಿಯೇ ಇತ್ತು ಗಂಟು. ಅವಳಿಗೆ ಬುದ್ಧಿ ಕಡಿಮೆಯಿರಲಿಲ್ಲ. ತಿಳಿದದ್ದನ್ನು ಮುಚ್ಚಿಟ್ಟುಕೊಂಡೇ ದಣಿದಿದ್ದಳು. ಗುಡ್ಡದ ಯಾವ ಮಗ್ಗುಲಲ್ಲಿ ತೋಡಿದರೆ ಬೇಸಗೆಯಲ್ಲೂ ನೀರು ಬತ್ತುವುದಿಲ್ಲವೆಂದು ಅವಳ ಅಜ್ಜನಿಗೆ ಗೊತ್ತಿತ್ತಂತೆ. ಅದನ್ನು ಹೇಳುವಾಗ ಅವಳ ಬೆನ್ನು ನೆಟ್ಟಗಾಗಿತ್ತು. ಅದೇ ಮಾತನ್ನು ವಿಭಾಗದಲ್ಲಿ ಒಮ್ಮೆಯೂ ಆಡಿರಲಿಲ್ಲ.

ಬಿಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಮುಂದಕ್ಕೆ ಹಾಕು ಎಂದೆ. ಅದಕ್ಕೂ ಮೊದಲು ಗೈಡಿಗೆ ಒಂದು ಪುಟ ಬರೆ: ಉಪಗ್ರಹ ಚಿತ್ರದಿಂದ ಏನು ಸಿಗುತ್ತದೆ, ಅಂದರೆ ಗುಡ್ಡದ ಹಸಿರು ಮತ್ತು ತೋಟಗಳ ವಿಸ್ತರಣೆ, ಏನು ಸಿಗುವುದಿಲ್ಲ, ಅದಕ್ಕೆ ಜಿಪಿಎಸ್ ಹಿಡಿದು ಎಲ್ಲೆಲ್ಲಿ ನಡೆಯಬೇಕು. ಇಂಗ್ಲಿಷ್ ತಿದ್ದುತ್ತಾ ಕೂರಬೇಡ, ಇವತ್ತೇ ಕಳಿಸು. ತಂದೆಗೆ ಬೇರೆಯಾಗಿ ಹೇಳಿದೆ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಲ್ಲಿ ಪಿಎಚ್.ಡಿ.ಗೆ 6 ವರ್ಷದವರೆಗೆ ಅವಕಾಶವಿದೆ, "ಯಾವಾಗ ಮುಗಿಯುತ್ತದೆ" ಎಂದು ದಿನಾ ಕೇಳಬೇಡಿ.

ನಾನು ಗೈಡ್ ಪಕ್ಷ ವಹಿಸಿದೆನೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವಮಾನಿಸುವ ಗೈಡ್‌ಗಳಿದ್ದಾರೆ, ನಿಜ. ಹಾಗಾದಾಗ ಸೆಮಿಸ್ಟರಿಗೊಮ್ಮೆ ಸೇರುವ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹೇಳಿಕೊಳ್ಳಬೇಕು, ಅದನ್ನೂ ಅವಳಿಗೆ ತಿಳಿಸಿದ್ದೆ. ಆದರೆ ಈ ಗೈಡಿಗೆ ವಿಷಯ ಗೊತ್ತೇ ಇರಲಿಲ್ಲ. ಗೊತ್ತಿಲ್ಲದವರ ಮೇಲೆ ಸಿಟ್ಟಾಗಲು ಹುಡುಗಿಗೆ ಕಲಿಸಿ ನಾನೇನು ಸಾಧಿಸಲಿ? ನಮ್ಮ ಗಡಿನಾಡ ಮಕ್ಕಳು ಎರಡೂ ಕಡೆ ಹೊರಗಿನವರಾಗಿ ಬೆಳೆದು, ಕೇಳುವ ಮೊದಲೇ ಬಾಯಿ ಮುಚ್ಚಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಆ ಅಭ್ಯಾಸವನ್ನು ನಾನು ಪೋಷಿಸಲಾರೆ.

ಅವಳು ಪುಟ ಕಳಿಸಿದಳು. ಗೈಡ್ ಉತ್ತರದಲ್ಲಿ ಸಮಾಧಾನದ ಮಾತೇನೂ ಇರಲಿಲ್ಲ. ಯಾವ ಗ್ರಾಮಗಳು, ಎಷ್ಟು ಸುರಂಗ, ಮಳೆಗಾಲ ಬೇಸಗೆ ಎರಡರಲ್ಲೂ ಅಳೆಯುತ್ತೀಯಾ ಎಂದಷ್ಟೇ ಕೇಳಿದ್ದರು. ಈಗ ಅವಳು ಊರಿನಲ್ಲೇ ಇದ್ದಾಳೆ, ಕ್ಷೇತ್ರಕಾರ್ಯಕ್ಕೆ. ಮುಂದಿನ ಸಮಿತಿ ಸಭೆಗೆ ಎರಡು ಪಂಚಾಯತುಗಳ ಅಳತೆ ಸಿದ್ಧವಾಗಬೇಕಿದೆ.