ಆರಾಮಾಗಿದ್ದಾಗ ಇನ್ಹೇಲರ್ ಬಿಡಬಹುದಾ?

ಪ್ರಶ್ನೆ: ಅಪ್ಪನಿಗೆ 66 ವರ್ಷ. ಸಿಒಪಿಡಿ (ಉಸಿರಾಟ ಕಷ್ಟವಾಗುವ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದೆ, ದಿನಕ್ಕೆ ಎರಡು ಸಲ ಇನ್ಹೇಲರ್ ತೆಗೆದುಕೊಳ್ಳಲು ಡಾಕ್ಟರ್ ಹೇಳಿದ್ದಾರೆ. ದಮ್ಮು ಕಡಿಮೆ ಇದ್ದರೆ ಅಪ್ಪ ಅದನ್ನು ಮುಟ್ಟುವುದೇ ಇಲ್ಲ. ‘ಅಭ್ಯಾಸ ಆಗಿಬಿಟ್ರೆ ಬಿಡೋಕಾಗಲ್ಲ’ ಅಂತಾರೆ. ಸುಸ್ತಾಗುತ್ತದೆ ಅಂತ ನಡೆಯುವುದನ್ನೂ ಬಿಟ್ಟಿದ್ದಾರೆ. ಹೇಗೆ ಒಪ್ಪಿಸಲಿ?

ಉತ್ತರ: ಇನ್ಹೇಲರ್ ಚಟ ಹಿಡಿಸುವುದಿಲ್ಲ. ಇದನ್ನು ಅಪ್ಪನಿಗೆ ಮೊದಲು ಹೇಳಿ, ಯಾಕಂದ್ರೆ ಈ ಹೆದರಿಕೆಯಿಂದಲೇ ಎಷ್ಟೋ ಜನ ಸುಮ್ನೆ ನರಳುತ್ತಾರೆ. ಸಿಒಪಿಡಿಯಲ್ಲಿ ಗಾಳಿ ಓಡಾಡುವ ಕೊಳವೆಗಳು ಕಿರಿದಾಗಿರುತ್ತವೆ, ಆ ಹಾನಿ ಪೂರ್ತಿ ವಾಸಿಯಾಗುವುದಿಲ್ಲ. ದಮ್ಮು ಇಲ್ಲದ ದಿನವೂ ಕಾಯಿಲೆ ಒಳಗೇ ಇರುತ್ತದೆ. ದಿನಾ ಎಳೆಯುವ ಮದ್ದು ಕೊಳವೆಗಳನ್ನು ತೆರೆದಿಡುತ್ತದೆ, ಆರಾಮ ಅನ್ನಿಸುವುದರಲ್ಲಿ ಅದರ ಪಾಲೂ ಇದೆ.

ವಾದ ಮಾಡುವ ಮೊದಲು ಒಂದು ಸಲ ನಿಮ್ಮೆದುರೇ ಎಳೆದು ತೋರಿಸಲಿ. ಒತ್ತುವ ಪಂಪ್ ಆದರೆ, ಒತ್ತಿದ ಕೂಡಲೇ ತುಟಿಯ ಪಕ್ಕದಿಂದ ಬಿಳಿ ಹೊಗೆಯ ಹಾಗೆ ಹೊರಗೆ ಬಂತಾ? ಹಾಗಿದ್ದರೆ ಅಷ್ಟು ಮದ್ದು ಎದೆಗೆ ಹೋಗಲೇ ಇಲ್ಲ. ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಉಸಿರು ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆ ಎಳೆಯಲು ಶುರುಮಾಡುತ್ತಲೇ ಒತ್ತಬೇಕು. ಆಮೇಲೆ ಸುಮಾರು 10 ಸೆಕೆಂಡ್ ಉಸಿರು ಹಿಡಿಯಬೇಕು. ಒತ್ತುವುದು, ಎಳೆಯುವುದು ಎರಡೂ ಒಟ್ಟಿಗೆ ಹೊಂದದಿದ್ದರೆ ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಕೇಳಿ, ವಯಸ್ಸಾದವರಿಗೆ ಅದು ನಿಜಕ್ಕೂ ದೊಡ್ಡ ಅನುಕೂಲ. ಪುಡಿಯ ಇನ್ಹೇಲರ್ ಬೇರೆ, ಅದನ್ನು ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಇರುವುದಾದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಲಿ.

ನಡೆಯುವುದನ್ನು ಬಿಟ್ಟಿದ್ದು ನನಗೆ ಇನ್ನೂ ಜಾಸ್ತಿ ಚಿಂತೆ. ಕೂತಷ್ಟೂ ಕಾಲಿನ ಸ್ನಾಯುಗಳು ಸೊರಗುತ್ತವೆ, ಆಮೇಲೆ ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ, ಅದಕ್ಕೆ ಹೆದರಿ ಮತ್ತೆ ಕೂರುತ್ತಾರೆ. ಡಾಕ್ಟರನ್ನು ಕೇಳಿ, ನಿಧಾನವಾಗಿ ಸ್ವಲ್ಪ ದೂರದಿಂದ ಶುರುಮಾಡಿಸಿ. ದಮ್ಮು ಬಂದರೆ ನಿಂತು ಮೂಗಿನಿಂದ ಉಸಿರೆಳೆದು, ದೀಪ ಆರಿಸುವಾಗಿನ ಹಾಗೆ ತುಟಿ ಚೂಪು ಮಾಡಿ, ಎಳೆದದ್ದಕ್ಕಿಂತ ಎರಡರಷ್ಟು ಹೊತ್ತು ಮೆಲ್ಲಗೆ ಬಿಡಲಿ. ಬೀಡಿ ಸಿಗರೇಟು ಇದ್ದರೆ ಅದನ್ನಂತೂ ಬಿಡಲೇಬೇಕು.

ಕಫ ಜಾಸ್ತಿಯಾಗಿ ಹಳದಿ ಅಥವಾ ಹಸಿರಾದರೆ, ಎಂದಿಗಿಂತ ದಮ್ಮು ಹೆಚ್ಚಾದರೆ ಎರಡು ದಿನ ನೋಡೋಣ ಅಂತ ಕಾಯಬೇಡಿ, ಡಾಕ್ಟರಿಗೆ ತಿಳಿಸಿ. ಮಾತಾಡಲಾಗದಷ್ಟು ದಮ್ಮು, ತುಟಿ ನೀಲಿಯಾಗುವುದು, ಮಂಪರು ಇದ್ದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೀಗಾದಾಗ ಯಾವ ಮದ್ದು, ಎಷ್ಟು ಸಲ ಅನ್ನುವುದನ್ನು ಮುಂದಿನ ಭೇಟಿಯಲ್ಲೇ ಡಾಕ್ಟರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅವತ್ತು ಇನ್ಹೇಲರನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಅಪ್ಪ ಅಲ್ಲೇ ಎಳೆದು ತೋರಿಸಲಿ.