ಸೆಲೀನಾ ಗೋಮೆಜ್ ನಟನೆ ಬಿಟ್ಟರಾ?
ಮೇಕಪ್ ಕಂಪನಿ ಮಾಡಿದ ಮೇಲೆ ಅಮೆರಿಕದ ಗಾಯಕಿ-ನಟಿ ಸೆಲೀನಾ ನಟನೆ ಬಿಟ್ಟರಾ ಅಂತ ಕೇಳಿದ್ದೀರಿ. ಇಲ್ಲಪ್ಪ, ಉಲ್ಟಾ! ಅವರ ಕಂಪನಿ ರೇರ್ ಬ್ಯೂಟಿ ಮಾರುಕಟ್ಟೆಗೆ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಅವರು ನಟಿಸಿರುವ ‘ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್’ ಸರಣಿ ಶುರುವಾದದ್ದೇ ಮರುವರ್ಷ. 2024ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಮೂವರು ಸಹನಟಿಯರ ಜತೆ ಹಂಚಿಕೊಂಡರು. 2025ರಲ್ಲಿ ಆಲ್ಬಮ್ಮೂ ಬಂತು.

ಕಂಪನಿ ಬರೀ ಹೆಸರಿಗಲ್ಲ ಅಂತ ನನಗನ್ನಿಸಿದ್ದು ಮುಚ್ಚಳ ನೋಡಿ. ಅವರಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ದಾಳಿ ಮಾಡುವ, ಕೀಲುನೋವು ತರಬಲ್ಲ ಕಾಯಿಲೆ) ಇದೆ, 2017ರಲ್ಲಿ ಕಿಡ್ನಿ ಕಸಿಯೂ ಆಗಿದೆ. ಬೆರಳಿನ ಗಂಟು ನೋಯುವವರಿಗೂ ಹಿಡಿತ ಸಿಗಲಿ ಅಂತ ಕೆಲವು ಬಾಟಲಿಗಳಿಗೆ ಗೋಲಿಯಂಥ ದುಂಡು ಮುಚ್ಚಳ. ಮಾರಾಟದ ಶೇ. 1ರಷ್ಟು ಹಣ ಮಾನಸಿಕ ಆರೋಗ್ಯದ ನಿಧಿಗೆ ಹೋಗುತ್ತೆ. ಬಾಲನಟಿಯಾಗಿ ಮಕ್ಕಳ ಟಿವಿ ಕಾರ್ಯಕ್ರಮ ‘ಬಾರ್ನಿ’ಯಲ್ಲಿ ಕುಣಿದ ಹುಡುಗಿ ಇವರೇ, ಗೊತ್ತಿತ್ತಾ?