ರೋಗಿಯನ್ನು ಮುಟ್ಟಲು ಹಿಂಜರಿದ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆ ಕೇಳಲು ಬಂದ ಹುಡುಗಿ ಎಂಬಿಬಿಎಸ್ ಮೊದಲ ವರ್ಷ ಪಾಸಾಗಿದ್ದಳು. ಊರು ಕೊಪ್ಪಳದ ಕಡೆ, ಇರುವುದು ಮಂಗಳೂರಿನ ಹಾಸ್ಟೆಲ್‌ನಲ್ಲಿ. ಇನ್ನೇನು ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ರೋಗಿಗಳನ್ನು ನೋಡುತ್ತಾ ಕಲಿಯುವುದು, ಶುರುವಾಗಬೇಕು, ಅಷ್ಟರಲ್ಲಿ ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ. "ರಕ್ತ ಕಂಡ್ರೆ ತಲೆ ತಿರುಗಿ ಬೀಳ್ತೀನಿ ಅನ್ಸುತ್ತೆ ಮೇಡಂ" ಎಂದಳು.

ನನಗೆ ಅದು ಪೂರ್ತಿ ನಂಬಿಕೆಯಾಗಲಿಲ್ಲ. ಅನಾಟಮಿಯಲ್ಲಿ ವರ್ಷವಿಡೀ ಹೆಣ ಕೊಯ್ದಿದ್ದಳು. ಅಲ್ಲಿ ರಕ್ತ ಹರಿಯುವುದಿಲ್ಲ, ಸರಿ. ಆದರೆ ಫಿಸಿಯಾಲಜಿ ಲ್ಯಾಬ್‌ನಲ್ಲಿ ತನ್ನದೇ ಬೆರಳು ಚುಚ್ಚಿಕೊಂಡು ರಕ್ತಕಣ ಎಣಿಸಿದ್ದಳಲ್ಲ? ಆಗೇನೂ ಆಗಿರಲಿಲ್ಲ. ಹಾಗಾಗಿ ಬೇರೆ ಕಡೆಯಿಂದ ಕೇಳಿದೆ: ಮನೆಯವರ ಜೊತೆ ಆಸ್ಪತ್ರೆಯಲ್ಲಿ ಇದ್ದದ್ದುಂಟಾ?

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಪಿಯುಸಿಯಲ್ಲಿದ್ದಾಗ ಅವಳ ಅಜ್ಜಿ ಒಂದು ದೊಡ್ಡಾಸ್ಪತ್ರೆಯಲ್ಲಿದ್ದರು. ಹೊಟ್ಟೆಯಲ್ಲಿ ಗಡ್ಡೆ. ಬೆಳಿಗ್ಗೆ ಬಿಳಿ ಕೋಟಿನ ಹುಡುಗ ಹುಡುಗಿಯರು ಗುಂಪಾಗಿ ಬಂದು, ಒಬ್ಬರಾದ ಮೇಲೊಬ್ಬರು ಹೊಟ್ಟೆ ಒತ್ತಿ ನೋಡುತ್ತಿದ್ದರು. ಹೆಸರು ಕೇಳಲಿಲ್ಲ, ಸೀರೆ ಸರಿ ಮಾಡಿಕೊಳ್ಳಲೂ ಬಿಡಲಿಲ್ಲ. ಅಜ್ಜಿ ಗೋಡೆ ಕಡೆ ಮುಖ ತಿರುಗಿಸಿದ್ದರಂತೆ. "ಈಗ ಆ ಗುಂಪಲ್ಲಿ ನಾನೇ ನಿಲ್ತೀನಿ, ಅಲ್ವಾ ಮೇಡಂ?"

ಇಂಥವರಿಗೆ ಧೈರ್ಯ ತಂದುಕೊಳ್ಳಿ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಆ ಧೈರ್ಯ ಬರುವಾಗ ಒರಟುತನವೂ ಜೊತೆಗೆ ಬಂದುಬಿಡುತ್ತದೆ. ಅವಳ ಸಂಕೋಚ ನನಗೆ ಹೋಗಲಾಡಿಸಬೇಕಾದ ತೊಂದರೆ ಅನ್ನಿಸಲೇ ಇಲ್ಲ. ಅದಕ್ಕೊಂದು ಕೆಲಸ ಕೊಡಬೇಕಿತ್ತು.

"ನಿಮ್ಮ ಅಜ್ಜಿಗೆ ಆವತ್ತು ಯಾರಾದರೂ ಏನು ಮಾಡಿದ್ದರೆ ಸಮಾಧಾನವಾಗುತ್ತಿತ್ತು?" ಎಂದು ಕೇಳಿದೆ. ಅವಳು ಹೇಳುತ್ತಾ ಹೋದಳು, ನಾನು ಸೇರಿಸುತ್ತಾ ಹೋದೆ. ಮೊದಲು ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. "ನಾನು ಡಾಕ್ಟರಲ್ಲ, ಕಲಿಯುತ್ತಿದ್ದೇನೆ, ಪರೀಕ್ಷೆ ಮಾಡಬಹುದಾ?" ಅನ್ನಿ. ಬೇಡ ಎಂದರೆ ಬೇಡ. ಅದರಿಂದ ಅವರ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ ಎಂದು ಮೊದಲೇ ತಿಳಿಸಿ. ಪರದೆ ಎಳೆಯಿರಿ. ನೋಡಬೇಕಾದಷ್ಟು ಭಾಗ ಬಿಟ್ಟು ಉಳಿದದ್ದಕ್ಕೆ ಹೊದಿಕೆ ಇರಲಿ. ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ನೋವು ಎಲ್ಲಿದೆ ಎಂದು ಕೇಳಿ, ಆ ಜಾಗವನ್ನು ಕೊನೆಗೆ ಮುಟ್ಟಿ. ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಲಿ. ಇದೆಲ್ಲ ಬರೀ ಒಳ್ಳೆಯತನದ ಮಾತಲ್ಲ, ಕ್ಲಿನಿಕಲ್ ಎಕ್ಸಾಮ್‌ನಲ್ಲೂ ಕೇಳುವ ವಿಷಯವೇ. ಅದನ್ನು ಕೇಳಿ ಅವಳಿಗೆ ತುಸು ನಗು ಬಂತು.

ಇನ್ನೊಂದು ಚಿಂತೆ ತುಳು. ಮಂಗಳೂರಿನ ಸರ್ಕಾರಿ ಆಸ್ಪತ್ರೆಯಾದ ವೆನ್ಲಾಕ್‌ನಂಥ ಕಡೆಗೆ ಕಾಸರಗೋಡಿನಿಂದಲೂ ಜನ ಬರುತ್ತಾರೆ. ಒಂದೇ ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಕೇಳಿಸುತ್ತದೆ. ಬೇನೆ ಎಲ್ಲಿ, ಎಷ್ಟು ದಿನವಾಯಿತು, ಊಟ ಆಯಿತಾ, ಇಷ್ಟನ್ನು ರೂಮ್‌ಮೇಟ್ ಹತ್ತಿರ ತುಳುವಿನಲ್ಲಿ ಕಲಿಯಿರಿ ಎಂದೆ. ತಪ್ಪು ತುಳುವಿಗೆ ಇಲ್ಲಿನವರು ನಗುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಯಿಲೆಯ ಪೂರ್ತಿ ಕಥೆ ಕೇಳುವಾಗ ಮಾತ್ರ ಅರೆಬರೆ ತುಳು ನಂಬಬೇಡಿ, ಭಾಷೆ ಬಲ್ಲ ಸಿಸ್ಟರ್ ಅಥವಾ ಸಹಪಾಠಿಯನ್ನು ಕರೆಯಿರಿ.

ಉಳಿದದ್ದು ಸಣ್ಣಪುಟ್ಟದ್ದು. ತಿಂಡಿ ತಿನ್ನದೆ ವಾರ್ಡಿಗೆ ಹೋಗಬಾರದು. ಕಣ್ಣು ಕತ್ತಲೆ ಬಂದರೆ ಮರ್ಯಾದೆ ನೋಡದೆ ನೆಲದಲ್ಲೇ ಕೂರಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ ನೋಡಿಕೊಳ್ಳಬೇಕು. ಬಳಸಿದ ಸೂಜಿ ಚುಚ್ಚಿದರೆ ಹಿಂಡಬಾರದು. ಸೋಪು ನೀರಿನಲ್ಲಿ ತೊಳೆದು ಕೂಡಲೇ ಹೇಳಬೇಕು, ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವವರೇ ಜಾಸ್ತಿ ಕಷ್ಟಕ್ಕೆ ಸಿಕ್ಕುತ್ತಾರೆ.

ನಿದ್ದೆ ಎರಡು ವಾರದಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣುವುದೆಂದು ಮಾತಾಯಿತು. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು ಎಂದು ಬರೆದುಕೊಟ್ಟೆ.

ಪೋಸ್ಟಿಂಗ್ ಶುರುವಾದ ಮೇಲೆ ಮತ್ತೆ ಬಂದಳು. ನಿದ್ದೆ ಬರುತ್ತಿತ್ತು. ಒಬ್ಬ ಅಜ್ಜಿ ಬೇಡ ಎಂದರಂತೆ, ಇವಳು ಕೈಮುಗಿದು ಪಕ್ಕದ ಮಂಚಕ್ಕೆ ಹೋದಳಂತೆ. ಅಲ್ಲಿದ್ದ ಮೀನುಗಾರ ಹೊಟ್ಟೆ ತೋರಿಸಿ ಬೋಟಿನ ಸುದ್ದಿಯನ್ನೂ ಹೇಳಿದರಂತೆ. ಯೂನಿಟ್‌ನ ಸರ್ ಎಲ್ಲರೆದುರು ಪ್ರಶ್ನೆ ಕೇಳಿದಾಗ ಮಾತ್ರ ಇನ್ನೂ ಬಾಯಿ ಒಣಗುತ್ತದೆ. "ಗೊತ್ತಿಲ್ಲ ಸರ್, ಓದಿಕೊಂಡು ಬರ್ತೀನಿ" ಎಂದು ಹೇಳುವುದನ್ನು ಈಗ ನನ್ನೆದುರು ಅಭ್ಯಾಸ ಮಾಡುತ್ತಿದ್ದಾಳೆ.